ಏಳು ನೀರು ಕಂಡ ಬಟ್ಟೆ

ಯಾರ ಮನೆಗೆ ಹೋದರೂ ಮೊದಲ ದಿನ ನಾನು ಕೂಸನ್ನು ಮುಟ್ಟುವುದಿಲ್ಲ. ಬಚ್ಚಲು ನೋಡುತ್ತೇನೆ. ನೆಲ ಜಾರುತ್ತದೆಯೇ, ಬಾಗಿಲಿನಿಂದ ಗಾಳಿ ನೇರ ಒಳಗೆ ನುಗ್ಗುತ್ತದೆಯೇ, ನೀರು ಬೋರಿನದೋ ಹೊಳೆಯದೋ, ಇಷ್ಟು ತಿಳಿದ ಮೇಲೆ ಮಾತಿಗೆ ಕೂಡುತ್ತೇನೆ. ಮನೆಯವರು ಸಂಬಳದ ಮಾತು ತೆಗೆಯುತ್ತಾರೆ, ನಾನು ನೀರಿನ ಮಾತು ತೆಗೆಯುತ್ತೇನೆ. ಕೂಸಿಗೆ ಎರೆಯುವ ಹೆಂಗಸನ್ನು ಗೊತ್ತು ಮಾಡುವವರಿಗೆ ನನ್ನ ಮೊದಲ ಬುದ್ಧಿಮಾತು ಇದೇ: ನೀರು ನೋಡದೆ ಎಣ್ಣೆಯ ಬಟ್ಟಲು ಹಿಡಿದು ಕೂಡುವವಳನ್ನು ಇಟ್ಟುಕೊಳ್ಳಬೇಡಿ.

ಬನಹಟ್ಟಿಯ ಆ ನೇಕಾರರ ಮನೆಯಲ್ಲೂ ಹಾಗೇ ಮಾಡಿದೆ. ಮನೆಯ ಮಗಳು ಬೀಳಗಿಯಿಂದ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಜಮಖಂಡಿಯ ಆಸ್ಪತ್ರೆಯಲ್ಲಿ ಹೆಣ್ಣು ಕೂಸು, ದಿನ ತುಂಬುವುದಕ್ಕೆ ಮೊದಲೇ ಹುಟ್ಟಿತ್ತು. ತೂಕ ಕಡಿಮೆಯೆಂದು ಕೆಲವು ದಿನ ಅಲ್ಲೇ ಇಟ್ಟುಕೊಂಡು, ಹೊಕ್ಕಳು ಬಿದ್ದು ಒಣಗಿದ ಮೇಲೆ ಇನ್ನು ಜಳಕ ಮಾಡಿಸಬಹುದೆಂದು ಹೇಳಿ ಕಳಿಸಿದ್ದರು. ಕೂಸು ಸಣ್ಣದು ಎಂದು ತೊಟ್ಟಿಲು ಹಾಕುವ ಕಾರ್ಯವನ್ನೂ ಮುಂದೆ ಹಾಕಿದ್ದರು. ಬಾಣಂತಿಯ ತಾಯಿ, ಅಂದರೆ ಆ ಮನೆಯ ಯಜಮಾನಿ, ನನ್ನ ವಯಸ್ಸಿನವಳೇ. ಬಾಯಿ ನನಗಿಂತ ಒಂದು ಗುಲಗಂಜಿ ಜಾಸ್ತಿ.

"ಬೋರಿನ ನೀರ ಬ್ಯಾಡ್ರೀ ಅಕ್ಕಾರ, ಸವಳ ಐತಿ. ಕೂಸಿನ ಮೈ ಬಿರಸಾಕ್ಕತಿ. ಹೊಳೀ ನೀರು ಎರಡು ಕೊಡ ಬ್ಯಾರೆ ತುಂಬಿಡ್ರಿ," ಅಂದೆ.

"ನಾವೆಲ್ಲಾ ಅದ ಸವಳ ನೀರಾಗ ಜಳಕಾ ಮಾಡಿ ದೊಡ್ಡಾವರಾಗಿಲ್ಲೇನ?"

"ಆಗೀರಿ. ನಿಮ್ಮ ಮೊಣಕೈ ನೋಡಿದ್ರ ಗೊತ್ತಾಕ್ಕತಿ ಬಿಡ್ರಿ."

ಆಕೆ ಮೊಣಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಒಳಗೆ ಹಾಸಿಗೆಯ ಮೇಲಿದ್ದ ಬಾಣಂತಿ ನಕ್ಕದ್ದು ಕೇಳಿಸಿತು. ಎರಡು ಕೊಡ ಸಿಹಿ ನೀರು ಗೊತ್ತಾಯಿತು. ಅದಕ್ಕೆ ಬದಲಾಗಿ ಬಾಣಂತಿಯ ಬೆನ್ನಿಗೂ ನಾನು ಎಣ್ಣೆ ಹಚ್ಚಬೇಕೆಂದಾಯಿತು. ಚಳಿಗಾಲ, ಹಾಗಾಗಿ ಬಿಸಿಲು ಬಿದ್ದ ಮೇಲೆಯೇ ಎರೆಯುವುದು ಎಂದೂ ಮಾತಾಯಿತು.

ಎರೆಯುವ ಕ್ರಮ ಹೇಳುತ್ತೇನೆ, ಕಲಿಯುವವರು ಕಲಿಯಲಿ. ಮಣೆಯ ಮೇಲೆ ಕುಳಿತು ಎರಡೂ ಕಾಲು ಜೋಡಿಸಿ ಚಾಚಬೇಕು. ಕೂಸು ಮಲಗುವ ಜಾಗ ನಮ್ಮ ಮೊಣಕಾಲ ಕೆಳಗೆ ಎರಡು ಕಾಲುಗಳ ನಡುವಿನ ಓಣಿಯೇ. ನೀರಿನ ಬಿಸಿಯನ್ನು ಅಂಗೈಯಿಂದ ನೋಡಬಾರದು, ಕೆಲಸದ ಅಂಗೈಗೆ ಬಿಸಿಯೇ ತಿಳಿಯುವುದಿಲ್ಲ. ಮೊಣಕೈ ಅದ್ದಬೇಕು. ಮೊದಲ ತಂಬಿಗೆ ನನ್ನ ಕಾಲಿಗೆ, ಎರಡನೆಯದು ಕೂಸಿನ ಪಾದಕ್ಕೆ, ಆಮೇಲೆ ಮೈಗೆ, ಕಡೆಗೆ ತಲೆಗೆ. ತಲೆಗೆ ಎರೆಯುವಾಗ ಎಡಗೈ ಹಣೆಯ ಮೇಲೆ ಸೂರಿನ ಹಾಗೆ ಇರಬೇಕು. ನಮ್ಮ ಹಿರಿಯರು ಕೂಸಿನ ಮೂಗು ಎಳೆಯುತ್ತಿದ್ದರು, ತಲೆ ಒತ್ತಿ ದುಂಡಗೆ ಮಾಡುತ್ತಿದ್ದರು, ಎದೆ ಹಿಂಡುತ್ತಿದ್ದರು. ಅವನ್ನೆಲ್ಲ ನಾನು ಬಿಟ್ಟು ಬಹಳ ಕಾಲವಾಯಿತು. ಆದರೆ ಎರಡನ್ನು ಬಿಟ್ಟಿರಲಿಲ್ಲ. ಕೆನೆಯಲ್ಲಿ ಕಲಸಿದ ಕಡಲೆ ಹಿಟ್ಟಿನಿಂದ ಮೈ ತಿಕ್ಕುವುದು ಒಂದು, ಎರೆದ ಮೇಲೆ ಕೆಂಡದ ಮೇಲೆ ಅಜವಾನ ಉದುರಿಸಿ ಹೊಗೆ ತೋರಿಸುವುದು ಇನ್ನೊಂದು. ಜನ ನನ್ನನ್ನು ಕರೆಯುತ್ತಿದ್ದುದೇ ಈ ಎರಡಕ್ಕೆ. ನಾನು ಎರೆದು ಹೋದ ಮನೆಯಲ್ಲಿ ಸಂಜೆಯವರೆಗೂ ಅಜವಾನದ ವಾಸನೆ ಇರಬೇಕು, ಅದು ನನ್ನ ಅಂಗಡಿಯ ಬೋರ್ಡು ಇದ್ದ ಹಾಗೆ.

ಮೊದಲ ದಿನದ ಜಳಕ ಮುಗಿಸಿ, ಮೈ ಒತ್ತಿ ಒರೆಸಿ ತಿರುಗಿದರೆ ಬಚ್ಚಲ ಬಾಗಿಲಲ್ಲಿ ಅಜ್ಜ ನಿಂತಿದ್ದ. ಯಜಮಾನಿಯ ಗಂಡ. ಎರಡೂ ಅಂಗೈ ಚಾಚಿ, ಅದರ ಮೇಲೆ ಬಿಳಿ ಬಟ್ಟೆಯ ತುಂಡೊಂದನ್ನು ಹರಡಿಕೊಂಡು, ಮಂಗಳಾರತಿಗೆ ಕೈ ಒಡ್ಡಿದವರ ಹಾಗೆ. ಕೆಂಪು ಅಂಚಿನ ಬಟ್ಟೆ, ಈಗಷ್ಟೇ ಕತ್ತರಿಸಿದ್ದು.

ಈ ಅಜ್ಜ ಆಯುಷ್ಯವೆಲ್ಲ ಪಾವರ್‌ಲೂಮಿನ ಶೆಡ್ಡಿನಲ್ಲಿ ದುಡಿದವನು. ಆ ಸದ್ದಿಗೆ ಕಿವಿ ಹೋಗಿತ್ತು. ಕೆಲಸ ಬಿಟ್ಟ ಮೇಲೆ ಸುಮ್ಮನೆ ಕುಳಿತಿದ್ದವನು, ಮಗಳು ಬಸುರಿ ಎಂದು ತಿಳಿದ ದಿನ ಪಡಸಾಲೆಯ ಹಳೆಯ ಕುಣಿಮಗ್ಗದ ಮೇಲಿನ ಸಾಮಾನುಗಳನ್ನೆಲ್ಲ ಇಳಿಸಿ, ಧೂಳು ಒರೆಸಿ, ನೂಲು ತಂದು ಉದ್ದದ ಎಳೆಗಳ ಹಾಸು ಹೂಡಿದ್ದನಂತೆ. ಮೊಮ್ಮಗುವಿಗೆಂದೇ ನೇಯ್ದ ಬಟ್ಟೆ. ಆ ಮನೆಯಲ್ಲೊಂದು ರೂಢಿ ಇತ್ತು. ತೊಟ್ಟಿಲಿಗೆ ಹಾಕುವ ತನಕ ಕೂಸಿಗೆ ಸುತ್ತುವುದು ತಮ್ಮ ಮಗ್ಗದ ಕೋರಾ ಬಟ್ಟೆಯನ್ನೇ. ಕೋರಾ ಅಂದರೆ ಮಗ್ಗದಿಂದ ಇಳಿದದ್ದು, ಇನ್ನೂ ನೀರು ಮುಟ್ಟದ್ದು. ಅಜ್ಜ ಅದನ್ನು ಇನ್ನಷ್ಟು ಬೆಳೆಸಿದ್ದ: ಮೊಮ್ಮಗಳಿಗೆ ಒಮ್ಮೆ ಸುತ್ತಿದ ಬಟ್ಟೆಯನ್ನೇ ಮತ್ತೆ ಸುತ್ತಬಾರದು. ದಿನಾ ಬೆಳಿಗ್ಗೆ ಹೊಸ ತುಂಡು ಕತ್ತರಿಸುತ್ತಿದ್ದ. ನಿನ್ನೆಯ ತುಂಡನ್ನು ಹೆಂಗಸರು ಕುದಿಸಿ ಒಗೆದು ಕೂಸಿನ ಲಂಗೋಟಿ ಮಾಡುತ್ತಿದ್ದರು.

"ನಿನ್ನಷ್ಟ ಠೀವಿ ಜಮಖಂಡಿ ಸಂಸ್ಥಾನದಾಗ ಯಾರೂ ಮಾಡಿರಲಿಕ್ಕಿಲ್ಲ ನೋಡವಾ," ಎಂದು ಕೂಸಿಗೆ ಹೇಳುತ್ತಾ ಅದನ್ನು ಆ ಬಟ್ಟೆಯಲ್ಲಿ ಸುತ್ತುತ್ತಿದ್ದೆ. ನನ್ನ ಕೈಯಾರೆ. ಅಜ್ಜನಿಗೆ ಮಾತು ಕೇಳಿಸದಿದ್ದರೂ ನನ್ನ ಮುಖ ನೋಡಿ ಹಲ್ಲು ಬಿಡುತ್ತಿದ್ದ.

ಐದನೆಯ ದಿನ ಕೂಸಿನ ಕೊರಳ ಮಡಿಕೆಯಲ್ಲಿ ಕೆಂಪು ಕಂಡಿತು. ಹಾಲು ಇಳಿದು ಹಾಗಾಗಿರಬೇಕು ಎಂದುಕೊಂಡು ಮಡಿಕೆ ಬಿಡಿಸಿ ಒಣಗಿಸಿದೆ. ಏಳನೆಯ ದಿನಕ್ಕೆ ತೋಳು, ಬೆನ್ನು, ಹೊಟ್ಟೆಯ ಮೇಲೆ ಸಾಸಿವೆಯಷ್ಟು ಸಣ್ಣ ಗುಳ್ಳೆ. ಕೂಸು ಹಾಲು ಕುಡಿಯುತ್ತಲೇ ಮೈ ಹೊಸೆಯುತ್ತಿತ್ತು, ಮಲಗಿಸಿದರೆ ಬೆಚ್ಚಿ ಅಳುತ್ತಿತ್ತು. ಬಾಣಂತಿ ನನ್ನ ಮುಖ ನೋಡಿದಳು. ಯಜಮಾನಿ ನನ್ನ ಕೈ ನೋಡಿದಳು.

"ಎಣ್ಣಿ ಎಲ್ಲಿಂದ ತರತೀ ನೀ?" ಎಂದು ಕೇಳಿದಳು.

"ಗಾಣದ್ದರೀ. ಇದ ಎಣ್ಣಿ ನನ್ನ ಮೊಮ್ಮಕ್ಕಳಿಗೂ ಹಚ್ಚೇನಿ."

"ನಿನ್ನ ಮೊಮ್ಮಕ್ಕಳ ಚರ್ಮಾ ನಿನ್ನಂಗ ಗಟ್ಟಿ ಇರಬೇಕು."

ಮೊಣಕೈಯ ಮಾತಿಗೆ ಅಂದು ಉತ್ತರ ಕೊಟ್ಟಳು. ಹೇಳಿಸಿಕೊಂಡೆ. ಮೊದಲು ಡಾಕ್ಟರಿಗೆ ತೋರಿಸೋಣ ಎಂದು ನಾನೇ ಅಂದೆ. ಇನ್ನೊಂದು ಬುದ್ಧಿಮಾತು ಇಲ್ಲಿಯೇ ಹೇಳಿಬಿಡುತ್ತೇನೆ. ತಿಂಗಳು ತುಂಬದ ಕೂಸಿನ ಮೈ ಕೆಂಪಾದರೆ ಓಣಿಯವರ ಔಷಧಿ ಕೇಳಬೇಡಿ. ಓಣಿಯಲ್ಲಿ ಹತ್ತು ಮನೆ ಇದ್ದರೆ ಹನ್ನೊಂದು ಔಷಧಿ ಇರುತ್ತವೆ.

ಸೋಮವಾರ ಜಮಖಂಡಿಗೆ ಹೋದೆವು. ಕೂಸು, ಬಾಣಂತಿ, ಯಜಮಾನಿ ಮತ್ತು ನಾನು. ಅಜ್ಜ ಅವತ್ತೇ ಮುಧೋಳಕ್ಕೆ ನೆಂಟರ ಮದುವೆಗೆ ಹೊರಟಿದ್ದ, ಮೂರು ದಿನ ಬರುವುದಿಲ್ಲವೆಂದು ಹೇಳಿ.

ಮಕ್ಕಳ ಡಾಕ್ಟರಬಾಯಿ ಕೂಸನ್ನು ಬಿಚ್ಚಿ, ತಿರುಗಿಸಿ, ಬೆರಳ ಸಂದಿಯೂ ಬಿಡದೆ ನೋಡಿದರು.

"ಕಡ್ಲಿ ಹಿಟ್ಟು ಯಾರು ಹಚ್ಚಾಕತ್ತಾರ?"

"ನಾನರೀ."

"ದಿನಾ?"

"ದಿನಾ."

"ಉಳ್ಳಾಗಡ್ಡಿ ಒಳಗಿನ ಪರಿ ಇರತೈತಲ್ರೀ, ಈ ಕೂಸಿನ ಚರ್ಮಾ ಅಷ್ಟ ತೆಳ್ಳಗ ಐತಿ. ಅದರ ಮ್ಯಾಲ ಹಿಟ್ಟು ತಿಕ್ಕಿದ್ರ ಹೆಂಗ? ಮತ್ತ ಹೊಗೀನೂ ಹಾಕ್ತೀರೇನು?"

ನಾನು ಯಜಮಾನಿಯ ಕಡೆ ನೋಡಿದೆ. ಆಕೆ ಗೋಡೆಯ ಮೇಲಿನ ಕ್ಯಾಲೆಂಡರ್ ಓದುತ್ತಿದ್ದಳು.

"ಹಾಕ್ತೀನ್ರೀ," ಅಂದೆ.

"ಹೊಗಿ ಬಂದ್. ಎದೀಗೆ ಛಲೋ ಅಲ್ಲ. ಪೌಡರ್ ಬ್ಯಾಡ. ಉಗುರಬೆಚ್ಚಗಿನ ನೀರು, ಜಲ್ದಿ ಜಳಕಾ, ಒತ್ತಿ ಒರಸೂದು, ತಿಕ್ಕೂದಿಲ್ಲ. ಗುಳ್ಳಿ ಕೀವಾದ್ರ, ಮೈ ಬಿಸಿ ಆದ್ರ, ಹಾಲು ಬಿಟ್ರ, ನನ್ನ ಪಾಳಿಗೆ ಕಾಯಬ್ಯಾಡ್ರಿ, ಹಂಗ ಕರಕೊಂಡು ಬರ್ರಿ." ಆಮೇಲೆ ಮುಲಾಮು ಬರೆಯುತ್ತಾ ಕೇಳಿದರು: "ಹೊಸಾ ಅರಬಿ ಏನರ ಹಾಕೀರೇನು?"

"ಇಲ್ಲ ಬಿಡ್ರೀ," ಯಜಮಾನಿ ತಕ್ಷಣ ಅಂದಳು, "ಅಂಗಡಿ ಅರಬಿ ಒಂದೂ ಮುಟ್ಟಿಸಿಲ್ಲ. ಎಲ್ಲಾ ಮನೀವ."

ಸುಳ್ಳು ಹೇಳಲಿಲ್ಲ ಆಕೆ. ಮಗ್ಗದ ಮನೆಯವರಿಗೆ ಹೊಸ ಬಟ್ಟೆ ಅಂದರೆ ಅಂಗಡಿಯಿಂದ ತಂದದ್ದು. ಕಣ್ಣೆದುರು ನೇಯ್ದದ್ದು ಮನೆಯ ಹಾಲಿದ್ದ ಹಾಗೆ, ಅದನ್ನು ಯಾರೂ ಹೊಸದು ಅನ್ನುವುದಿಲ್ಲ. ನಾನೂ ಅದೇ ಊರಿನವಳು. ಲಾಳಿಯ ಸದ್ದು, ಗಂಜಿಯ ವಾಸನೆ ನನಗೂ ಗಾಳಿಯಿದ್ದ ಹಾಗೆ. ನಾನೂ ಹೌದೆಂದು ತಲೆಯಾಡಿಸಿದೆ.

ಕಡಲೆ ಹಿಟ್ಟು ಬಿಟ್ಟೆ. ಹೊಗೆ ಬಿಟ್ಟೆ. ಅಂಗಡಿಯ ಬೋರ್ಡು ಇಳಿಸಿದ ಹಾಗಾಯಿತು, ಆದರೂ ಬಿಟ್ಟೆ. ಅಜ್ಜ ಇರಲಿಲ್ಲ. ಅವನ ಕತ್ತರಿ ಮುಟ್ಟುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ, ಲಂಗೋಟಿಗೆಂದು ಕುದಿಸಿ ಒಗೆದಿಟ್ಟ ಹಳೆಯ ತುಂಡುಗಳನ್ನೇ ಸುತ್ತಿದೆವು. ಬುಧವಾರಕ್ಕೆ ಗುಳ್ಳೆ ಬಾಡಿದವು. ಗುರುವಾರಕ್ಕೆ ಬೆನ್ನು ನುಣುಪಾಯಿತು. ಯಜಮಾನಿ ನನಗೆ ಚಹಾ ಕೊಡುವಾಗ ಕಪ್ಪಿನ ಕೆಳಗೆ ಬಸಿಯನ್ನೂ ಇಟ್ಟು ಕೊಟ್ಟಳು, ಅಂದರೆ ಸಿಟ್ಟು ಇಳಿದಿತ್ತು. ತಪ್ಪು ನನ್ನ ಹಿಟ್ಟಿನದೇ ಎಂದು ಎಲ್ಲರೂ ನಂಬಿದರು. ನಾನೂ ನಂಬಿದೆ.

ಶನಿವಾರ ಗುಳ್ಳೆಗಳು ತಿರುಗಿ ಬಂದವು. ಹೋದದ್ದಕ್ಕಿಂತ ಜಾಸ್ತಿ.

ಭಾನುವಾರ ಬೀಳಗಿಯಿಂದ ವಿಡಿಯೋ ಕಾಲ್. ಬಾಣಂತಿಯ ಅತ್ತೆ. ನಾನು ಬಾಣಂತಿಯ ಬೆನ್ನಿಗೆ ಎಣ್ಣೆ ಹಚ್ಚುತ್ತಾ ಕುಳಿತಿದ್ದೆ, ಮಾತೆಲ್ಲ ಕೇಳಿಸಿತು.

"ಫೋನ್ ಕೂಸಿನ ಹತ್ತರ ಹಿಡಿ. ಇನ್ನಷ್ಟು. ಅದೇನದು ಕೊಳ್ಳಾಗ ಕೆಂಪಗ?"

"ಸೆಕಿ ಗುಳ್ಳಿರೀ ಅತ್ತಿ."

"ಇಂಥಾ ಥಂಡ್ಯಾಗ ಸೆಕಿ ಗುಳ್ಳಿ ಎಲ್ಲಿಂದ ಬಂದ್ವು? ನಿಮ್ಮವ್ವಗ ಹೇಳು, ಬರೂ ಐತವಾರ ನಾನ ಬರತೀನಿ. ನಿಮ್ಮ ಕಡೆ ಕೂಸಿಗೆ ಆರಾಮ ಆಗಲಿಲ್ಲ ಅಂದ್ರ ಬೀಳಗ್ಯಾಗ ನಾನ ಬಾಣಂತನಾ ಮಾಡ್ತೀನಿ. ನಾವೇನು ಸತ್ತಿಲ್ಲ."

ಫೋನು ಇಟ್ಟ ಮೇಲೆ ಬಾಣಂತಿಯ ಬೆನ್ನು ನನ್ನ ಕೈಯ ಕೆಳಗೆ ನಡುಗಿತು. ಅಳುತ್ತಿದ್ದಳು. ಅಷ್ಟು ಸಣ್ಣ ಕೂಸನ್ನು ಆ ಚಳಿಯಲ್ಲಿ ಎರಡು ಬಸ್ಸು ಬದಲಿಸಿ ಒಯ್ಯುವುದೇ? ಆ ಹೆಂಗಸಿನ ಮಾತೂ ತಪ್ಪಲ್ಲ, ಮೊಮ್ಮಗಳ ಮೈ ಹಾಗೆ ಕಂಡರೆ ಯಾವ ಅಜ್ಜಿ ಸುಮ್ಮನಿರುತ್ತಾಳೆ?

ಯಜಮಾನಿ ನನ್ನನ್ನು ಅಡಿಗೆಮನೆಗೆ ಕರೆದಳು. ಈ ಸಲ ಚಹಾ ಇಲ್ಲ.

"ನೋಡವಾ, ನಿನ್ನ ಮ್ಯಾಲ ನನಗ ಸಿಟ್ಟಿಲ್ಲ. ಆದ್ರ ರಬಕವಿಯಿಂದ ಬ್ಯಾರೆ ಹೆಣಮಗಳನ್ನ ಕರಸ್ತೀವಿ. ನಾಳಿಂದ ನೀ ಬರೂದು ಬ್ಯಾಡ."

ನನ್ನ ಕಸುಬಿನಲ್ಲಿ ಬಿಡಿಸಿದ ಮನೆ ಎಂದರೆ ಒಂದು ಮನೆಯಲ್ಲ. ನೇಕಾರರ ಓಣಿಯಲ್ಲಿ ಮಾತು ಲಾಳಿಗಿಂತ ಬೇಗ ಓಡುತ್ತದೆ. ಆದರೆ ಆಣೆ ಮಾಡಿ ಹೇಳುತ್ತೇನೆ, ಆ ಗಳಿಗೆಯಲ್ಲಿ ಅದಕ್ಕಿಂತ ಹೆಚ್ಚು ಚುಚ್ಚಿದ್ದು ಬೇರೆ. ಕೂಸು ನನ್ನ ಕಾಲಮೇಲೆ ಮಲಗಿದಾಗಷ್ಟೇ ಅಳು ನಿಲ್ಲಿಸುತ್ತಿತ್ತು. ನೀರು ಬೀಳುತ್ತಿರುವ ತನಕ ಹಾಯಾಗಿ ಕಣ್ಣು ಅರಳಿಸಿ ನನ್ನನ್ನೇ ನೋಡುತ್ತಿತ್ತು. ನನ್ನ ಕೈ ಅದಕ್ಕೆ ನೋವು ಕೊಡುತ್ತಿದ್ದರೆ ಹಾಗೆ ನೋಡುತ್ತಿತ್ತೇ?

"ಎಂಟು ದಿನಾ ಕೊಡ್ರಿ," ಅಂದೆ.

"ಎಂಟು ದಿನದಾಗ ಬೀಗತಿ ಬಂದು ಹೋಗಿರ್ತಾಳ. ಮೂರು."

"ಮೂರು ದಿನದಾಗ ಹಾಲು ಹೆಪ್ಪಾಕ್ಕತಿ, ಚರ್ಮಾ ಮಾಗೂದಿಲ್ಲ. ಆರು. ಶನಿವಾರ ಮಟಾ. ಅಷ್ಟರಾಗ ಕೂಸಿನ ಮೈ ತಿಳಿ ಆಗಲಿಲ್ಲಂದ್ರ ರಬಕವಿ ಹೆಣಮಗಳನ್ನ ನಾನ ಹೋಗಿ ಕರಕೊಂಡು ಬರತೀನಿ. ಕೀವಾತು, ಜ್ವರಾ ಬಂತು ಅಂದ್ರ ಮಾತು ಮುರೀತು, ಸೀದಾ ದವಾಖಾನಿ."

ಆರಾಯಿತು. ಎಂಟು ಕೇಳಿದ್ದೇ ಆರು ಬರಲೆಂದು.

ಆರು ದಿನ ಕೇಳಿದ್ದೇನೋ ಸರಿ, ಮಾಡುವುದೇನು? ಮನೆಗೆ ನಡೆಯುತ್ತಾ ಒಂದು ನಿರ್ಧಾರ ಮಾಡಿದೆ. ನನ್ನ ಕೈಯಲ್ಲಿರುವ ಎಲ್ಲವನ್ನೂ ಬಿಟ್ಟುಬಿಡುವುದು. ಎಣ್ಣೆಯೂ ಬೇಡ, ಸೋಪೂ ಬೇಡ. ಬರಿ ನೀರು, ಮೇಲೆ ಡಾಕ್ಟರು ಕೊಟ್ಟ ಮುಲಾಮು. ತಪ್ಪು ನನ್ನದಾಗಿದ್ದರೆ ಗುಳ್ಳೆ ಇಳಿಯಬೇಕು. ಇಳಿಯದಿದ್ದರೆ ತಪ್ಪು ಬೇರೆ ಕಡೆ ಇದೆ. ಎಣ್ಣೆ ಹಚ್ಚದ ಎರೆಯುವವಳನ್ನು ನೋಡಿದ್ದೀರಾ? ಉಪ್ಪು ಹಾಕದ ಅಡಿಗೆಯವಳ ಹಾಗೆ. ಯಜಮಾನಿ ಬಚ್ಚಲ ಬಾಗಿಲಲ್ಲಿ ನಿಂತು, "ಇಷ್ಟ ಆದ್ರ ನಾನೂ ಮಾಡ್ತಿದ್ದೆ," ಅಂದಳು.

ಸೋಮವಾರ, ಮಂಗಳವಾರ ಎರಡೂ ದಿನ ಗುಳ್ಳೆ ಒಂದೂ ಇಳಿಯಲಿಲ್ಲ. ಎರಡು ದಿನ ಹೋದವು. ಆದರೆ ಕೈ ಖಾಲಿಯಾದದ್ದರಿಂದ ಕಣ್ಣಿಗೆ ಕೆಲಸ ಬಂತು.

ಬುಧವಾರ ಎರೆದ ಮೇಲೆ ಅಡಿಗೆಮನೆಯ ಕಿಟಕಿಯ ಬಿಸಿಲು ಬೀಳುವಲ್ಲಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, ಹೊಲದ ಬದು ನೋಡುವ ಹಾಗೆ ಮೈಯೆಲ್ಲ ನೋಡಿದೆ. ನನ್ನ ಕೈ ಜಾಸ್ತಿ ಆಡುತ್ತಿದ್ದುದು ನೆತ್ತಿ, ಅಂಗಾಲು, ಅಂಗೈ. ಅಲ್ಲೆಲ್ಲ ಚೊಕ್ಕ. ಕೊರಳು ಕೆಂಪು, ತೋಳು ಕೆಂಪು, ಬೆನ್ನು ಹೊಟ್ಟೆ ಕೆಂಪು. ಆಮೇಲೆ ಲಂಗೋಟಿ ಬಿಚ್ಚಿದೆ. ಉಚ್ಚೆ ಕಕ್ಕದಿಂದ ಕೂಸುಗಳಿಗೆ ಮೊದಲು ಕೆಂಪಾಗುವುದೇ ಅಲ್ಲಿ. ಈ ಕೂಸಿಗೆ ಲಂಗೋಟಿ ಕಟ್ಟಿದ ಜಾಗ ಬೆಣ್ಣೆಯ ಹಾಗಿತ್ತು. ಸೊಂಟದ ಮೇಲೆ ಗೆರೆ ಎಳೆದ ಹಾಗೆ ಗುಳ್ಳೆ ನಿಂತುಬಿಟ್ಟಿದ್ದವು.

ಹಿಂದಿನ ವಾರವನ್ನು ನೆನೆದೆ. ಯಾವಾಗ ಬಾಡಿದವು? ಅಜ್ಜ ಮುಧೋಳದಲ್ಲಿದ್ದಾಗ. ಯಾವಾಗ ತಿರುಗಿ ಬಂದವು? ಅಜ್ಜ ಬಂದು ಕತ್ತರಿ ಹಿಡಿದ ಮೇಲೆ.

ಬಾಗಿಲಲ್ಲಿ ಆ ದಿನದ ತುಂಡು ಹಿಡಿದು ಅಜ್ಜ ನಿಂತೇ ಇದ್ದ. ಅದನ್ನು ಇಸಿದುಕೊಂಡು, ಕೂಸಿಗೆ ಒಗೆದ ಹಳೆಯ ತುಂಡು ಸುತ್ತಿದೆ. ಅವನ ಮುಖ ಸಣ್ಣದಾಯಿತು. ಕೋರಾ ತುಂಡನ್ನು ಬೋಗಾಣಿಯಲ್ಲಿ ಹಾಕಿ ಬಿಸಿನೀರು ಸುರಿದೆ. ಸ್ವಲ್ಪ ಹೊತ್ತಿಗೆ ನೀರು ಅಕ್ಕಿ ತೊಳೆದ ನೀರಿನ ಹಾಗಾಯಿತು. ಬೆರಳು ಆಡಿಸಿದರೆ ಜಾರುತ್ತಿತ್ತು. ಕೆಂಪು ಅಂಚಿನಿಂದ ಬಣ್ಣ ಎಳೆಎಳೆಯಾಗಿ ಬಿಡುತ್ತಿತ್ತು. ಹಾಸಿನ ನೂಲಿಗೆ ಗಂಜಿ ಹಾಕದೆ ನೇಯಲು ಬರುವುದಿಲ್ಲ, ಅದು ಬನಹಟ್ಟಿಯ ಸಣ್ಣ ಹುಡುಗರಿಗೂ ಗೊತ್ತು. ಇಷ್ಟು ಕೂಸುಗಳಿಗೆ ಎರೆದ ನನಗೆ ಮಾತ್ರ ಹತ್ತೊಂಬತ್ತು ದಿನ ಗೊತ್ತಾಗಲಿಲ್ಲ.

ಆಗ ವ್ಯಾಪಾರದ ಬುದ್ಧಿ ಒಂದು ಮಾತು ಹೇಳಿತು, ಮುಚ್ಚಿಡುವುದಿಲ್ಲ. ಬಾಣಂತಿಯ ಕಿವಿಯಲ್ಲಿ ಹೇಳಿ ಗುಟ್ಟಾಗಿ ಬಟ್ಟೆ ಬದಲಿಸು, ಗುಳ್ಳೆ ಹೋದ ಮೇಲೆ ನಿನ್ನ ಕೈಗುಣ ಅನ್ನು. ಆದರೆ ದಿನಾ ಕತ್ತರಿಸುವ ಅಜ್ಜನ ಕಣ್ಣು ತಪ್ಪಿಸುವುದು ಹೇಗೆ? ಒಂದು ಬೆಳಿಗ್ಗೆ ಹಳೆಯ ತುಂಡು ಸುತ್ತಿದ್ದಕ್ಕೇ ಆ ಮುಖ ಹಾಗಾಗಿತ್ತು. ಅವನಿಗೆ ತಿಳಿಯಲೇಬೇಕು. ತಿಳಿಸುವುದೂ ಸುಲಭವಲ್ಲ. ಆ ಮನುಷ್ಯನಿಗೆ ಏನು ಹೇಳಬೇಕಾದರೂ ಒದರಬೇಕು. 'ನಿಮ್ಮ ಬಟ್ಟಿಯಿಂದ ಕೂಸಿಗೆ ಗುಳ್ಳಿ ಆದ್ವು' ಎಂದು ಒದರಿದರೆ ಅಜ್ಜನಿಗಿಂತ ಮೊದಲು ಓಣಿಗೆ ಕೇಳಿಸುತ್ತದೆ. ನೇಕಾರನಿಗೆ ಅವನ ಬಟ್ಟೆಯ ಬಗ್ಗೆ ಓಣಿಯ ಎದುರು ಹಾಗೆ ಹೇಳುವುದುಂಟೇ?

ಬೋಗಾಣಿ ಎತ್ತಿಕೊಂಡು ಪಡಸಾಲೆಗೆ ಹೋದೆ. ಅಜ್ಜ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಸುಮ್ಮನೆ ಕುಳಿತಿದ್ದ, ನೇಯುತ್ತಿರಲಿಲ್ಲ. ಬೋಗಾಣಿ ಪಕ್ಕದಲ್ಲಿಟ್ಟೆ. ಅವನ ಬಲಗೈ ಹಿಡಿದು ಆ ನೀರಿನಲ್ಲಿ ಅದ್ದಿದೆ.

ಮೊದಲು ಏನಿದು ಎನ್ನುವ ಹಾಗೆ ನನ್ನನ್ನು ನೋಡಿದ. ಆಮೇಲೆ ಅವನ ಹೆಬ್ಬೆರಳು ತಾನೇ ಉಳಿದ ಬೆರಳುಗಳ ಮೇಲೆ ಆಡತೊಡಗಿತು. ನೂಲಿನ ಹದ ನೋಡುವವರ ಹಾಗೆ. ಬೆರಳು ನಿಂತಿತು. ಕೈಯೆತ್ತಿ ಮೂಸಿದ. ಒಳಗಿನ ಕೋಣೆಯಲ್ಲಿ ಕೂಸಿದ್ದ ಕಡೆ ನೋಡಿದ, ಮತ್ತೆ ನನ್ನ ಕಡೆ. ನಾನು ನನ್ನ ಕೊರಳು, ತೋಳು, ಹೊಟ್ಟೆ ಮುಟ್ಟಿ ತೋರಿಸಿದೆ.

ಕಿವಿ ಕೇಳದವರಿಗೆ ತಮ್ಮ ದನಿಯ ಅಳತೆ ತಿಳಿಯುವುದಿಲ್ಲ. ನಾನು ಯಾವುದನ್ನು ಮುಚ್ಚಬೇಕೆಂದಿದ್ದೆನೋ ಅದನ್ನು ಅವನೇ ಒದರಿದ. "ಗಂಜಿ! ನನ್ನ ಗಂಜಿನ ಐತಿ ಇದು! ಹುಳಿ ಬರಬಾರದಂತ ಚಿಟಿಕಿ ಮೈಲುತುತ್ತ ಬ್ಯಾರೆ ಹಾಕೇನಿ! ಯವ್ವಾ, ನನ್ನ ಕೈಯಾರೆ ಕೂಸಿಗೆ ಹಚ್ಚಿದ್ನಲ್ಲ!"

ಪಕ್ಕದ ಮನೆಯ ಮಗ್ಗ ನಿಂತಿತು. ಯಜಮಾನಿ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಅಜ್ಜ ಕತ್ತರಿ ತೆಗೆದು ಮಗ್ಗದ ಮೇಲಿನ ಬಟ್ಟೆಗೇ ಹಾಕಲು ಹೊರಟ. ನೇಯ್ದದ್ದನ್ನೆಲ್ಲ ಕಿತ್ತೊಗೆಯುವ ಅವಸರ ಅವನಿಗೆ.

"ನಿಮ್ಮ ಸಿಟ್ಟಿಗೆ ನೂಲೇನು ಮಾಡೀತು?" ಅಂದೆ, ಕೇಳಿಸದೆಂದು ಗೊತ್ತಿದ್ದೂ. ಒಳಗೆ ಹೋಗಿ ಕೂಸನ್ನು ತಂದು ಅವನ ತೊಡೆಯ ಮೇಲೆ ಮಲಗಿಸಿ ಲಂಗೋಟಿ ಬಿಚ್ಚಿದೆ. ಆ ನುಣುಪಾದ ಜಾಗದ ಮೇಲೆ ಅವನ ಒದ್ದೆ ಬೆರಳು ಇರಿಸಿದೆ. ಲಂಗೋಟಿಯ ಕೆಂಪು ಅಂಚನ್ನು ಅವನ ಕಣ್ಣ ಹತ್ತಿರ ಹಿಡಿದೆ. ಈಗ ಒದರಿದೆ, ಓಣಿಗೆ ಕೇಳಿಸಲಿ ಎಂದೇ ಒದರಿದೆ: "ಇದೂ ನಿಮ್ಮ ಅರಬಿನ ಅಜ್ಜಾರ! ನೀರು ಕಂಡದ್ದು! ನೋಡ್ರಿಲ್ಲೆ, ಒಂದ ಗುಳ್ಳಿ ಐತೇನು?"

ಅಜ್ಜ ಬಗ್ಗಿ ನೋಡಿದ. ಕೂಸು ಆ ಹೊತ್ತಿಗೇ ಸರಿಯಾಗಿ ಅವನ ಧೋತರದ ಮೇಲೆ ಉಚ್ಚೆ ಹೊಯ್ದಿತು.

"ಆತು, ಉತ್ರಾ ಕೊಟ್ಲು ನೋಡು," ಎಂದು ಯಜಮಾನಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಅವತ್ತಿನಿಂದ ಬಟ್ಟೆ ತೊಳೆಯುವ ಕೆಲಸವನ್ನು ಅಜ್ಜ ಯಾರಿಗೂ ಕೊಡಲಿಲ್ಲ. ಗಂಜಿ ಹಾಕಿದವನಿಗೇ ತೆಗೆಯಲು ಗೊತ್ತು ಎಂದ. ತಣ್ಣೀರಲ್ಲಿ ನೆನೆ ಹಾಕುವುದು, ಬಿಸಿನೀರಲ್ಲಿ ಹಿಸುಕುವುದು, ಒಮ್ಮೆ ಕುದಿಸುವುದು, ಆಮೇಲೆ ಬೆರಳು ಜಾರುವುದು ನಿಲ್ಲುವ ತನಕ ನೀರು ಬದಲಿಸುತ್ತಾ ಹೋಗುವುದು. ಏಳು ನೀರಿಗೆ ನಿಂತಿತು. ಕೆಂಪು ಅಂಚನ್ನು ತಾನೇ ಹರಿದು ತೆಗೆದ. ಬಿಸಿಲಲ್ಲಿ ಒಣಗಿದ ತುಂಡನ್ನು ಕಣ್ಣು ಮುಚ್ಚಿ ತನ್ನ ರೆಪ್ಪೆಗೆ ಸವರಿ ನೋಡುತ್ತಿದ್ದ. ಅಲ್ಲಿ ಒರಟೆನಿಸಿದರೆ ಮತ್ತೆ ನೀರಿಗೆ. ಈ ಉಪಾಯವನ್ನು ನಾನು ಅವನಿಂದ ಕಲಿತೆ, ನೀವೂ ಕಲಿಯಿರಿ. ಕೂಸಿನ ಬಟ್ಟೆ ಮೆತ್ತಗಿದೆಯೋ ಇಲ್ಲವೋ ಕೈಯನ್ನು ಕೇಳಬೇಡಿ, ಕಣ್ಣ ರೆಪ್ಪೆಯನ್ನು ಕೇಳಿ. ಮನೆಯದಿರಲಿ, ಅಂಗಡಿಯದಿರಲಿ, ದೇವರ ಮುಂದಿಟ್ಟು ತಂದದ್ದೇ ಇರಲಿ, ತೊಳೆಯದೆ ಸುತ್ತಬೇಡಿ.

ಗುರುವಾರ ಕೂಸು ಮಧ್ಯಾಹ್ನ ಬೆಚ್ಚದೆ ಮಲಗಿತು. ಶುಕ್ರವಾರ ಗುಳ್ಳೆ ಒಣಗಿ ಹೊಟ್ಟಿನಂತೆ ಎದ್ದವು. ಶನಿವಾರ ಜಮಖಂಡಿಗೆ ಹೋಗಿ ಡಾಕ್ಟರಬಾಯಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆವು. ಅವರು ನಕ್ಕು, ಇನ್ನು ಮುಂದೆ ಬನಹಟ್ಟಿಯಿಂದ ಬಂದವರಿಗೆ ಪ್ರಶ್ನೆಯನ್ನು ಬೇರೆ ರೀತಿ ಕೇಳುತ್ತೇನೆ ಅಂದರು. ಕೊಬ್ಬರಿ ಎಣ್ಣೆ ಸ್ವಲ್ಪ ಹಚ್ಚಬಹುದೆಂದರು. ಕಡಲೆ ಹಿಟ್ಟಿಗೂ ಹೊಗೆಗೂ ಒಪ್ಪಲಿಲ್ಲ. ನಾನು ಅಲ್ಲಿ ಚೌಕಾಶಿ ಮಾಡಲಿಲ್ಲ. ಇವತ್ತಿನವರೆಗೂ ಅವೆರಡನ್ನು ಮುಟ್ಟಿಲ್ಲ. ತಪ್ಪು ಬಟ್ಟೆಯದಾದ ಮಾತ್ರಕ್ಕೆ ಹಿಟ್ಟು ಸರಿಯಾಗುವುದಿಲ್ಲ.

ಭಾನುವಾರ ಬೀಳಗಿಯ ಬೀಗತಿ ಬಂದಳು. ಕಾಲು ತೊಳೆದವಳೇ ಕೂಸನ್ನು ಬಿಚ್ಚಿದಳು. ಕೊರಳ ಮಡಿಕೆ, ಕಂಕುಳು, ಬೆನ್ನು, ಒಂದೂ ಬಿಡಲಿಲ್ಲ. ಅಲ್ಲಲ್ಲಿ ಕಂದಿದ ಕಲೆ ಬಿಟ್ಟರೆ ಏನೂ ಇರಲಿಲ್ಲ.

"ಏನ ಹಚ್ಚಿದ್ರಿ?" ಎಂದು ನನ್ನನ್ನು ಕೇಳಿದಳು.

ನಾನು ಬಾಯಿ ತೆರೆಯುವ ಮೊದಲೇ ಯಜಮಾನಿ ಅಂದಳು, "ಈಕಿ ಏನೂ ಹಚ್ಚಲಿಲ್ರೀ. ಹಚ್ಚಿದ್ದು ನಾವು. ಈಕಿ ಬಿಡಿಸಿದ್ಲು."

ಬೀಗತಿ ಎಲ್ಲವನ್ನೂ ಕೇಳಿದಳು. ಆಮೇಲೆ ಆ ತೊಳೆದ ಬಟ್ಟೆಯನ್ನು ತನ್ನ ಕೆನ್ನೆಗೆ ಒತ್ತಿ ನೋಡಿ, "ಇಂಥಾವ ಒಂದು ಡಜನ್ ತೊಳದು ಇಡ್ರಿ. ಕರಕೊಂಡು ಹೋಗೂ ಮುಂದ ಬೇಕಾಕ್ಕಾವ. ಈಗೇನು ಅವಸರಿಲ್ಲ, ಥಂಡಿ ಹೋಗಲಿ," ಅಂದಳು. ಬಾಣಂತಿ ಬಾಗಿಲ ಹಿಂದೆ ನಿಂತು ನನ್ನ ಕೈಯನ್ನು ಗಟ್ಟಿಯಾಗಿ ಅಮುಕಿದಳು.

ಚಳಿ ಹೋಯಿತು. ಕೂಸಿನ ಕೆನ್ನೆ ತುಂಬಿದವು, ತೊಡೆಯಲ್ಲಿ ಮಡಿಕೆ ಬಿದ್ದವು. ನನ್ನ ಕಾಲಮೇಲೆ ಮಲಗಿ ನೀರು ಬಡಿಯುವಷ್ಟು ಜೋರು ಬಂತು. ಬೀಳಗಿಗೆ ಹೊರಡುವ ಮುನ್ನಾದಿನ ಕೊನೆಯ ಜಳಕ. ನಮ್ಮಲ್ಲಿ ಎರೆದವಳಿಗೆ ಆ ದಿನ ಸೀರೆ ಉಡಿಸುವ ಪದ್ಧತಿ. ನೇಕಾರರ ಮನೆಯ ಸೀರೆ ಎಂದು ನಾನೂ ಮನಸ್ಸಿನಲ್ಲಿ ಬಣ್ಣ ಆರಿಸಿಟ್ಟಿದ್ದೆ.

ಅಜ್ಜ ಎರಡೂ ಅಂಗೈಯ ಮೇಲೆ ಸೀರೆ ಇಟ್ಟುಕೊಂಡು ಬಚ್ಚಲ ಬಾಗಿಲಿಗೇ ಬಂದ. ಹಸಿರು ಮೈ, ಹಳದಿ ದಡಿ. ಇಸಿದುಕೊಂಡೆ. ಕೈಗೆ ಏನೋ ಬೇರೆ ಅನಿಸಿತು. ಹೊಸ ಸೀರೆಯ ಖಡಕ್ ಇಲ್ಲ, ಮಡಿಕೆ ನಿಲ್ಲುತ್ತಿಲ್ಲ, ಬೆಕ್ಕಿನ ಮರಿಯ ಹಾಗೆ ತೋಳಿನ ಮೇಲೆ ಜೋತುಬಿತ್ತು.

"ಅಜ್ಜಾರ! ಇದನ್ನ ತೊಳದೀರಿ!" ಎಂದು ಒದರಿದೆ.

"ಏಳು ನೀರು," ಅಂದ ಅಜ್ಜ.

"ನೀರು ಮುಟ್ಟಿದ ಸೀರಿ ಯಾವ ಅಂಗಡ್ಯಾಂವ ತಗೋತಾನ್ರೀ? ಅರ್ಧಕ್ಕರ್ಧಾ ರೇಟ್ ಹೋತು!"

"ಮಾರಾಕ ಕೊಟ್ಟೀನೇನು ನಿನಗ?" ಅಜ್ಜ ಓಣಿಗೆಲ್ಲ ಕೇಳಿಸುವ ಹಾಗೆ ಅಂದ. "ನಿಂದೂ ಮೈನ ಅಲ್ಲೇನ?"

ಒದ್ದೆ ಕಾಲಲ್ಲೇ ನಿಂತಿದ್ದೆ. ಸೀರೆಯ ಸೆರಗು ತೆಗೆದು, ಕಣ್ಣು ಮುಚ್ಚಿ, ರೆಪ್ಪೆಯ ಮೇಲೆ ಇಟ್ಟುಕೊಂಡೆ.